ದಸ್ತಿಯ ಕೆಳಗಿನ ಕೈ

ಸರ್ರ್ ಅಂತ ಒಂದು ಸದ್ದು. ಚೀಲದ ಬಾಯಿ ಬಿಚ್ಚಿ ತೊಗರಿಯನ್ನು ಕಲ್ಲುಹಾಸಿನ ಮೇಲೆ ಸುರಿದಾಗ ಬರುವಂಥದ್ದು. ಇವತ್ತು ಬೀದರದ ಮೈಲೂರಿನ ನನ್ನ ಅಡುಗೆಮನೆಯಲ್ಲಿ ಬೇಳೆಯ ಪ್ಯಾಕೆಟ್ಟನ್ನು ಡಬ್ಬಿಗೆ ಸುರಿದೆ; ಸದ್ದು ತೀರಾ ಸಣ್ಣದು, ಒಬ್ಬಳ ಊಟಕ್ಕೆ ತಕ್ಕಷ್ಟು. ಆದರೂ ಅದು ನನ್ನನ್ನು ಭಾಲ್ಕಿಯ ಮಾರ್ಕೆಟ್ಟಿಗೆ, ಚಂದ್ರಕಲಾಳ ಪಕ್ಕಕ್ಕೆ ಕರೆದೊಯ್ದಿತು.

ಚಂದ್ರಕಲಾ ನನ್ನ ಕಾನ್ವೆಂಟಿನ ಬೆಂಚ್‌ಮೇಟ್. ಅಲ್ಲಿ ನಾನು ಕಲಿತದ್ದು ಟೇಬಲ್ ಮ್ಯಾನರ್ಸ್. ಟೇಬಲ್ ಮಾತ್ರ ನಮ್ಮ ಮನೆಯಲ್ಲಿರಲಿಲ್ಲ. ಆಕೆ "ಸಿಸ್ಟರ್, ವೈ?" ಅನ್ನುತ್ತಲೇ ಕ್ಲಾಸಿನ ಹೊರಗೆ ನಿಂತವಳು. ದೊಡ್ಡವಳಾಗಿ ಭಾಲ್ಕಿಯಲ್ಲಿ ನಾಲ್ಕು ಪುಟದ ವಾರಪತ್ರಿಕೆ ಹೊರಡಿಸಿದಳು. ಹೆಣ್ಣುಮಗಳು ಪತ್ರಿಕೆ ನಡೆಸುವುದನ್ನು ನಮ್ಮ ಕಡೆಯವರು ಅಲ್ಲಿಯತನಕ ಕಂಡಿರಲಿಲ್ಲ.

ಆಗ ತೊಗರಿಯ ಭಾವವನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಕೊಳ್ಳುವವನೂ ಮಾರುವವನೂ ದಸ್ತಿಯ, ಅಂದರೆ ಕೈವಸ್ತ್ರದ, ಕೆಳಗೆ ಕೈ ಸೇರಿಸಿ ಬೆರಳು ಒತ್ತಿ ಬೆಲೆ ಗೊತ್ತುಮಾಡುತ್ತಿದ್ದರು. ಗಿರಾಕಿಗಳೇನೋ ಹಲವರು, ಆದರೆ ಎಲ್ಲರೂ ಒಂದೇ ಬೇಳೆ ಕಂಪನಿಯ ಕೈಗಳೆಂದು ಚಂದ್ರಕಲಾಳಿಗೆ ಗುಮಾನಿ. ಠಾಣಾ ಕುಶನೂರದ ರೈತ ಹೆಂಗಸೊಬ್ಬಳ ತೊಗರಿಯ ಮುಂದೆ ತಾನೇ ಮಾರುವವಳಾಗಿ ಕೂತಳು. ಪಕ್ಕದಲ್ಲಿ ನಾನು, ಛತ್ರಿ, ಹ್ಯಾಂಡ್‌ಬ್ಯಾಗ್ ಸಮೇತ, ಪಿಕ್ನಿಕ್ಕಿಗೆ ಬಂದವಳ ಹಾಗೆ. ನಗಬೇಡಿ.

"ಅಕ್ಕಾರ, ಹೆಣ್ಮಕ್ಕಳ ಕೈ ಹ್ಯಾಂಗ ಹಿಡೀಬೇಕ್ರಿ?" ಎಂದ ಮೊದಲ ಗಿರಾಕಿ.

"ಬಳಿಗಾರ ಹಿಡಿಯಂಗಿಲ್ಲೇನ್ರಿ? ಹಂಗ ಹಿಡೀರಿ," ಎಂದಳು.

ಒಬ್ಬರಾದ ಮೇಲೊಬ್ಬರು ಬಂದರು. ಎಲ್ಲರ ಬೆರಳೂ ಹೇಳಿದ್ದು ಒಂದೇ ಭಾವ. ಕೊನೆಗೆ ಬಂದವನು ಆಕೆಯ ಸ್ವಂತ ಅಣ್ಣ, ದಲಾಲಿ ನಡೆಸುವ ಅಡತಿ ಅಂಗಡಿಯ ವೈಜಿನಾಥ. "ಮನಿಗಿ ನಡಿ, ಚಂದಾ," ಎಂದ. ಆಕೆ ದಸ್ತಿ ಚಾಚಿದಳು. ಅವನ ಬೆರಳೂ ಅದೇ ಭಾವ ಒತ್ತಿತು. ಸಂಜೆ ಬಂಡಿಗಳ ಹಿಂದೆಯೇ ಹೋಗಿ, ಆ ಗಿರಾಕಿಗಳೆಲ್ಲರ ಚೀಲಗಳೂ ಕಂಪನಿಯ ಗೋದಾಮಿನಲ್ಲೇ ಇಳಿದದ್ದನ್ನು ನೋಡಿ ಬಂದಳು.

"ಅಣ್ಣನ ಹೆಸರೊಂದು ಬಿಡಽ, ಪ್ಲೀಸ್," ಎಂದೆ.

"ಬಿಟ್ಟರ ಉಳಿದವರ ಹೆಸರು ಯಾವ ಮುಖ ಇಟ್ಕೊಂಡು ಬರೀಲಿ?"

ಬರೆದಳು. ಅಧಿಕಾರಿಗಳು ಬಂದರು, ದಸ್ತಿ ಹೋಗಿ, ಭಾವವನ್ನು ಎಲ್ಲರೆದುರು ಕೂಗಿ ಹೇಳುವುದು ಶುರುವಾಯಿತು. ಔರಾದದ ತನಕ ಆಕೆಯನ್ನು ಹೊಗಳಿದರು. ಅಣ್ಣ ಮಾತು ಬಿಟ್ಟ. ಎಲ್ಲದಕ್ಕೂ ಇಂಗ್ಲಿಷ್ ಉದುರಿಸುವ ನನಗೆ, ಹಬ್ಬಕ್ಕೆ ತವರಿನ ಕರೆ ಬಾರದೆ ಕೂತವಳ ಮುಂದೆ 'ವಿಕ್ಟರಿ' ಎಂಬ ಮಾತು ಬಾಯಿಗೆ ಬರಲಿಲ್ಲ.

ಈಗ ಆಕೆಯಿಲ್ಲ. "ವೈ?" ಎಂದು ನನ್ನನ್ನು ಕೇಳುವವರು ಯಾರೂ ಇಲ್ಲ.

ಕೊನೆಯ ಸಲ ನೋಡಿದ್ದು ಭಾಲ್ಕಿ ಸ್ಟೇಷನ್ನಿನಲ್ಲಿ. ಅಣ್ಣ ತಂಗಿ ಇಬ್ಬರೂ ಉದಗೀರದ ಒಂದೇ ಮದುವೆಗೆ ಹೊರಟು, ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂತಿದ್ದರು. ನಡುವೆ ನಾನು, ಬೀದರದ ಗಾಡಿಗೆ ಕಾಯುತ್ತ.

"ತಂಗಿ, ಆಕಿ ಪೇಪರ್ ಇನ್ನಾ ಬರ್ತದೇನು ಕೇಳವ," ಎಂದ ವೈಜಿನಾಥಣ್ಣ, ನನಗೆ.

"ಬರ್ತದಂತ ಹೇಳು," ಎಂದಳು ಆಕೆ, ನನಗೇ. "ಅವಂಗ್ಯಾಕ ಬೇಕಂತ ಕೇಳು."

"ವಾರಾ ವಾರಾ ಓದ್ತಿದ್ದೆ. ಈಗ ಕಣ್ಣು ಕಾಣಂಗಿಲ್ಲ."

ಆಕೆ ಚೀಲದಿಂದ ಪತ್ರಿಕೆ ತೆಗೆದು, ಸೆರಗಿನಿಂದ ಕನ್ನಡಕ ಒರೆಸಿ, ಹಳಿಗಳ ಕಡೆ ಮುಖ ಮಾಡಿಕೊಂಡೇ ಮೊದಲ ಪುಟದಿಂದ ಗಟ್ಟಿಯಾಗಿ ಓದತೊಡಗಿದಳು.

ನನ್ನ ಗಾಡಿ ಬಂತು. ನಾನು ಎದ್ದ ಜಾಗಕ್ಕೆ ಅಣ್ಣ ಸರಿದು ಕೂತ. ಗಾಡಿ ಹೊರಟಾಗ ಕಿಟಕಿಯಿಂದ ಕೈ ಬೀಸಿದೆ. ಇಬ್ಬರೂ ನೋಡಲಿಲ್ಲ.