ಬೈಗುಳಕ್ಕೆ ಮೂರು ತಟ್ಟೆ

ಸ್ಟೋಕ್ ಊರಿನ ಬೆರಿಲ್ ಟ್ಯಾಮ್ಸ್ ನಲವತ್ತು ವರ್ಷ ಪಿಂಗಾಣಿ ಕಾರ್ಖಾನೆಯಲ್ಲಿ ಬಟ್ಟಲುಗಳ ಅಂಚಿಗೆ ಚಿನ್ನದ ಗೆರೆ ಎಳೆದವಳು. ಗೆರೆ ಎಷ್ಟು ನಾಜೂಕೋ, ಅವಳ ಜೊತೆ ಬೆಂಚಿನಲ್ಲಿ ಕೂತು ದುಡಿಯುವ ಹೆಂಗಸರ ಬಾಯಿ ಅಷ್ಟೇ ಹೊಲಸು. ಅಲ್ಲಿ ಬೈಸಿಕೊಂಡವಳು ತಮ್ಮವಳು, ‘ದಯವಿಟ್ಟು’ ಅನ್ನಿಸಿಕೊಂಡವಳು ಹೊರಗಿನವಳು. ಅಲ್ಲೇ ಪಿಂಗಾಣಿ ಸುಡುವ ಭಟ್ಟಿ ಕಾಯುತ್ತಿದ್ದ ಗಂಡ ಕ್ಲಿಫ್ ಐವತ್ತು ವರ್ಷದಲ್ಲಿ ಅವಳನ್ನು ಹೆಸರು ಹಿಡಿದು ಕರೆದವನೇ ಅಲ್ಲ. ‘ಬಗರ್’ ಅನ್ನುತ್ತಿದ್ದ, ಇಂಗ್ಲಿಷಿನ ಒಂದು ಹೊಲಸು ಬೈಗುಳ. ಅದರ ಮೂಲ ಅರ್ಥ ಬಿಡಿಸಿ ಹೇಳಿದರೆ ಪಾದ್ರಿ ಕಿವಿ ಮುಚ್ಚಿಕೊಳ್ಳಬೇಕು. ಆದರೆ “ಬಾರೇ ಬಗರ್, ಟೀ ಆರ್ತಿದೆ” ಎಂದು ಕೂಗಿದಾಗ ಅರ್ಥ ಯಾರಿಗೆ ಬೇಕಿತ್ತು?

ಅವನು ತೀರಿಹೋದ ಮರುವರ್ಷ, ಟೀವಿಯಲ್ಲಿ ಯಾವ ಬೈಗುಳ ಎಷ್ಟು ಹೊತ್ತಿಗೆ ಆಡಬಹುದೆಂದು ಜನರನ್ನೇ ಕೇಳುವ ಸಮೀಕ್ಷೆಗೆ ಅವಳನ್ನು ಕರೆದರು. ಲೈಬ್ರರಿಯ ಕೋಣೆಯಲ್ಲಿ ಎಂಟು ಜನ. ಮೇಜಿನ ಮೇಲೆ ಬೈಗುಳದ ಚೀಟಿಗಳು, ಮೂರು ತಟ್ಟೆಗಳು. ಒಂದು, ಯಾವಾಗ ಬೇಕಾದರೂ. ಎರಡು, ಮಕ್ಕಳು ಮಲಗಿದ ಮೇಲೆ, ರಾತ್ರಿ ಒಂಬತ್ತರ ನಂತರ. ಮೂರು, ಎಂದೆಂದೂ ಬೇಡ.

ಬೆರಿಲ್ ಕೈಗೆ ಬಂದದ್ದು ‘ಬಗರ್’ ಎಂದು ಬರೆದ ಚೀಟಿಯೇ. ನಿವೃತ್ತ ಮೇಷ್ಟ್ರೊಬ್ಬರು ಅಸಹ್ಯ, ಮೂರಕ್ಕೆ ಹಾಕಿ ಎಂದರು. ಬಸ್ಸು ಓಡಿಸುವ ಹೆಂಗಸು, ತನ್ನಜ್ಜಿ ಮೊಮ್ಮಕ್ಕಳನ್ನು ಮುದ್ದಿಸುವುದೇ ಹಾಗೆಂದು ವಾದಕ್ಕಿಳಿದಳು. ಬೆರಿಲ್ ಮಾತ್ರ ಚೀಟಿಯನ್ನು ಆ ತಟ್ಟೆಯಿಂದ ಈ ತಟ್ಟೆಗೆ ಸರಿಸುತ್ತಲೇ ಇದ್ದಳು.

ಅವಳ ಗೊಂದಲ ಇವತ್ತಿನದಲ್ಲ. ಆಸ್ಪತ್ರೆಯಲ್ಲಿ ಕೊನೆಯ ಮಧ್ಯಾಹ್ನ ಚಮಚದಲ್ಲಿ ನೀರು ಕುಡಿಸಿದಾಗ ಕ್ಲಿಫ್ ಅವಳ ಮುಖ ನೋಡಿ, “ತುಂಬಾ ಥ್ಯಾಂಕ್ಸ್, ಬೆರಿಲ್” ಎಂದಿದ್ದ. ನರ್ಸಮ್ಮನಿಗೆ ಹೇಳುವಷ್ಟು ಮರ್ಯಾದೆಯಿಂದ. ಅದೇ ಅವನ ಕೊನೆಯ ಮಾತು. ಮುನಿಸೇ? ಗುರುತು ತಪ್ಪಿತೇ? ಹೆಸರು ನೆನಪಿದ್ದವನಿಗೆ ಗುರುತು ತಪ್ಪುವುದಾದರೂ ಹೇಗೆ? ಐವತ್ತು ವರ್ಷ ಬಾಳಿ ಪರರಂತೆ ಬೀಳ್ಕೊಂಡನೇ? ವರ್ಷವಿಡೀ ಇದೇ ಕೊರೆತ. ಕೇಳೋಣವೆಂದರೆ ಕೇಳಬೇಕಾದವನೇ ಇಲ್ಲ.

ಸಮೀಕ್ಷೆಯ ಹುಡುಗಿ, ಮನಸ್ಸಿಗೆ ನೋವಾಗುವ ಮಾತು ಯಾವುದಾದರೂ ಬಿಟ್ಟುಹೋಗಿದ್ದರೆ ಖಾಲಿ ಚೀಟಿಯಲ್ಲಿ ಬರೆಯಿರಿ ಎಂದಳು. ಬೆರಿಲ್ ‘ಬಗರ್’ ಅನ್ನು ಮೊದಲ ತಟ್ಟೆಗೆ ಹಾಕಿದಳು. ಖಾಲಿ ಚೀಟಿ ಎಳೆದುಕೊಂಡು, ಬಟ್ಟಲಿನ ಅಂಚಿಗೆ ಗೆರೆ ಎಳೆಯುವಷ್ಟು ನಿಧಾನವಾಗಿ ಬರೆದು ಮೂರನೆಯದಕ್ಕೆ ಇಟ್ಟಳು.

ಹುಡುಗಿ ಓದಿ ತಬ್ಬಿಬ್ಬಾದಳು. “ಇದು ನಿಮ್ ಹೆಸರಲ್ವಾ, ಮಿಸೆಸ್ ಟ್ಯಾಮ್ಸ್?”

“ಹೂಂ ಕಣಮ್ಮ. ನಮ್ಮೆಜಮಾನ್ರು ಒಂದೇ ಒಂದ್ಸಲ ಅಂದಿದ್ದು. ಯಾಕ್ ಹಂಗಂದ್ರೋ, ಇವತ್ತಿಗೂ ತಿಳೀಲಿಲ್ಲ.”