ಟವೆಲ್ ಕೆಳಗಿನ ಪಾಠ

ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ದಲ್ಲಾಳಿಯಾಗಿದ್ದ ಸೊಣ್ಣಪ್ಪನವರ ಮಗಳು ಗಂಗಾಲಕ್ಷ್ಮಿಗೆ ಇಂಗ್ಲಿಷ್ ಕಲಿಸುವ ಹುಚ್ಚು. ಗೌನಿಪಲ್ಲಿ ಕಡೆಯ ಸರ್ಕಾರಿ ಶಾಲೆಯಲ್ಲಿ ಅವಳು ಅತಿಥಿ ಶಿಕ್ಷಕಿ. ಪ್ರತಿ ಜೂನ್‌ನಲ್ಲೂ ಕರೆ ಬರುತ್ತದೋ ಇಲ್ಲವೋ ಎಂದು ಕಾಯಬೇಕು. ಹೆಸರಿಗೆ ಅತಿಥಿಯಂತೆ. ಮನೆಗೆ ಬಂದ ಅತಿಥಿಯನ್ನು ಯಾರಾದರೂ ಹೀಗೆ ನಡೆಸಿಕೊಂಡಾರೆಯೇ?

ಮಸ್ಟ್, ಮೈಟ್, ಕಾಂಟ್ ಎಂಬ ವ್ಯಾಕರಣ ಪಾಠ ಅಂದರೆ ಮಕ್ಕಳು ನಿದ್ದೆಹೋಗುವುದು ಎಲ್ಲ ಶಾಲೆಯಲ್ಲೂ ಇದ್ದದ್ದೇ. ಗಂಗಾಲಕ್ಷ್ಮಿಯ ತರಗತಿಯಲ್ಲಿ ಮಾತ್ರ ಹಾಗಲ್ಲ. ಮಂಡಿಯಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಕೊಳ್ಳುವವನೂ ದಲ್ಲಾಳಿಯೂ ಟವೆಲ್ ಕೆಳಗೆ ಕೈ ಸೇರಿಸಿ ಬೆರಳು ಅದುಮಿ ಬೆಲೆ ತಿಳಿಸುತ್ತಾರೆ. ಅವಳೂ ಮಕ್ಕಳ ಕೈ ಮೇಲೆ ಟವೆಲ್ ಹೊದಿಸಿ ಏನೋ ಒಂದನ್ನು ಹಿಡಿಸುತ್ತಿದ್ದಳು. ದುಂಡಗಿದೆ, ಇಟ್ ಮೈಟ್ ಬಿ ಎ ಕಾಯಿನ್. ತಡವಿದರೆ ನಾಲ್ಕು ತೂತು. ಹಾಗಾದರೆ ಇಟ್ ಕಾಂಟ್ ಬಿ ಎ ಕಾಯಿನ್, ಇಟ್ ಮಸ್ಟ್ ಬಿ ಎ ಬಟನ್. ಬಾಯಿಯೇ ಬಿಡದ ಮಕ್ಕಳೂ ನನಗೆ ನನಗೆ ಎಂದು ಕೈ ಚಾಚುತ್ತಿದ್ದವು.

ಮುಳಬಾಗಿಲಿನ ಹೊರಗೆ ಒಂದು ಖಾಸಗಿ ಶಾಲೆ ಇಂಗ್ಲಿಷಿಗೆ ಕಾಯಂ ಟೀಚರು ಬೇಕೆಂದಿತು. ಗಂಗಾಲಕ್ಷ್ಮಿಗೆ ಜೂನ್ ಕಾಯುವ ಪಾಡು ತಪ್ಪಲು ಇದ್ದದ್ದು ಅದೊಂದೇ ದಾರಿ. ದಿನಾ ಅವಳ ಜೊತೆ ಬಸ್ಸಿನಲ್ಲಿ ಬರುತ್ತಿದ್ದ, ಅವಳ ಡಬ್ಬಿಯ ಅನ್ನವನ್ನೇ ಹಂಚಿಕೊಂಡು ಉಣ್ಣುತ್ತಿದ್ದ ಕಿರಿಯ ಟೀಚರು ಶಿವಾನಿಗೂ ಕರೆ ಬಂದಿತ್ತು. ಮಕ್ಕಳ ಮುಂದೆ ಮಾಡಿ ತೋರಿಸಲು ಇಬ್ಬರಿಗೂ ಕೊಟ್ಟ ಪಾಠ ಅದೇ ಮಸ್ಟು, ಮೈಟು.

“ಅಕ್ಕ, ನನಗಿದು ತಲೆಗೇ ಹತ್ತಲ್ಲ. ನೀವು ಹೆಂಗೆ ಮಾಡ್ತೀರ?” ಎಂದಳು ಶಿವಾನಿ.

“ಕೈ ಕೊಡು ಇಲ್ಲಿ,” ಎಂದು ಗಂಗಾಲಕ್ಷ್ಮಿ ಬಸ್ಸಿನಲ್ಲೇ ಇಬ್ಬರ ತೊಡೆಯ ಮೇಲೆ ಟವೆಲ್ ಹರಡಿ ಪೂರ್ತಿ ತೋರಿಸಿಕೊಟ್ಟಳು.

“ಟವಲ್ ಕಿಂದ ಮಾಟ ಟವಲ್ ಕಿಂದನೇ ಉಂಡಾಲ” ಎಂದು ತೆಲುಗಿನಲ್ಲಿ ಹೇಳುತ್ತಿದ್ದರು ಸೊಣ್ಣಪ್ಪ. ಟವೆಲ್ ಕೆಳಗಿನ ಮಾತು ಟವೆಲ್ ಕೆಳಗೇ ಇರಬೇಕು, ಹೊರಗೆ ಹೋಗಬಾರದು. ಮಾತು ಹೊರಗೆ ಬಿಟ್ಟವನ ಕೈಯನ್ನು ಮಂಡಿಯಲ್ಲಿ ಮತ್ತೆ ಯಾರೂ ಮುಟ್ಟುತ್ತಿರಲಿಲ್ಲ. ಈ ಮಾತು ಕೇಳಿ ಬೆಳೆದವಳಿಗೆ ಅದನ್ನು ಶಿವಾನಿಗೆ ಬಿಡಿಸಿ ಹೇಳಬೇಕೆಂದು ತೋಚಲೇ ಇಲ್ಲ. ಮಂಡಿಯ ನಂಬಿಕೆಯನ್ನು ಬಸ್ಸಿಗೆ ತಂದಳು, ಪಾಪ.

ಆ ಖಾಸಗಿ ಶಾಲೆಗೆ ಹೋದ ದಿನ ಶಿವಾನಿಯನ್ನು ಮೊದಲು ಕರೆದರು. ಹೊರಗೆ ಬಂದವಳು ಗಂಗಾಲಕ್ಷ್ಮಿಯ ಕೈ ಹಿಡಿದು, “ಚೆನ್ನಾಗಿ ಮಾಡಿ ಅಕ್ಕ,” ಎಂದಳು.

“ನೀನು ಹೆಂಗೆ ಮಾಡ್ದೆ?”

“ಏನೋ ಮಾಡ್ದೆ ಬಿಡಿ.”

ಗಂಗಾಲಕ್ಷ್ಮಿ ಅದೇ ತರಗತಿಯ ಒಳಗೆ ಹೋಗಿ ಚೀಲದಿಂದ ಟವೆಲ್ ತೆಗೆದಳು. ಮಕ್ಕಳು ಕಿಸಕ್ಕೆಂದವು. ಮುಂದಿನ ಬೆಂಚಿನ ಹುಡುಗಿ, “ಮಿಸ್, ಬಟನ್ ಅಲ್ವಾ?” ಎಂದಳು. ಹಿಂದೆ ಕೂತಿದ್ದ ಶಾಲೆಯ ಮುಖ್ಯಸ್ಥ ಅಮರನಾಥ್ ಕನ್ನಡಕ ಸರಿಮಾಡಿಕೊಂಡರು.

“ಈಗಷ್ಟೇ ಒಬ್ಬರು ಇದನ್ನೇ ಮಾಡಿ ಹೋದ್ರಲ್ಲಮ್ಮ.”

“ಇದು ನಂದು ಸಾರ್. ನಾನೇ ಅವಳಿಗೆ ಹೇಳ್ಕೊಟ್ಟಿದ್ದು.”

“ಇರಬಹುದು. ಅವರು ನಿಮಗೆ ಹೇಳ್ಕೊಟ್ಟಿರಲೂಬಹುದು. ನಮಗೆ ಹೆಂಗೆ ಗೊತ್ತಾಗ್ಬೇಕು?”

ಗಂಗಾಲಕ್ಷ್ಮಿ ಬೋರ್ಡಿನ ಮೇಲೆ ಏನೋ ಬರೆದಳು, ಏನೋ ಹೇಳಿದಳು. ಕೆಲಸ ಶಿವಾನಿಗೆ ಹೋಯಿತು. ಕೆಲಸ ಹೋದದ್ದಕ್ಕೆ ಅವಳಿಗೆ ದುಃಖವಾಯಿತು, ಅದು ಸರಿಯೇ. ಆದರೆ ಹೊಟ್ಟೆ ಉರಿದದ್ದು “ಚೆನ್ನಾಗಿ ಮಾಡಿ ಅಕ್ಕ” ಎಂಬ ಮಾತಿಗೆ. ಕತ್ತು ಕೊಯ್ದವರು ಗಾಯಕ್ಕೆ ಅರಿಶಿನ ಹಚ್ಚಬಾರದು.

ದಸರಾ ರಜೆ ಮುಗಿದ ಮೇಲೆ ಶಿವಾನಿಯ ಫೋನ್ ಬಂತು. ದನಿಯಲ್ಲಿ ಅಳುಕೇ ಇಲ್ಲ.

“ಅಕ್ಕ, ಕ್ಯಾನ್, ಕುಡ್ ಪಾಠ ಬಂದೈತೆ. ಅದಕ್ಕೇನಾದ್ರೂ ಆಟ ಇದ್ರೆ ಹೇಳ್ಕೊಡಿ.”

ಗಂಗಾಲಕ್ಷ್ಮಿ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು. “ಅವತ್ತು ಹೊರಗೆ ಬಂದಾಗ ಒಂದು ಮಾತು ಹೇಳ್ಬೋದಿತ್ತಲ್ಲೇ. ನಾನು ಬೇರೆ ಏನಾದ್ರೂ ಮಾಡ್ತಿದ್ದೆ.”

ಶಿವಾನಿ ಮೆಲ್ಲಗೆ, “ನಿಮಗೆ ನೂರು ಆಟ ಬರುತ್ತೆ ಅಕ್ಕ. ನನಗೆ ಬಂದಿದ್ದು ಅದೊಂದೇ,” ಎಂದಳು.

ಆಟ ಗಂಗಾಲಕ್ಷ್ಮಿಯ ನಾಲಿಗೆಯ ತುದಿಯಲ್ಲೇ ಇತ್ತು. ಕಲಿಸುವ ಹುಚ್ಚು ಎಲ್ಲಿಗೆ ಹೋಗಬೇಕು? ಅವಳು ಬಾಯಿ ತೆರೆದದ್ದೂ ಉಂಟು.

“ನನಗೆ ಗೊತ್ತಿಲ್ಲ ಕಣೇ,” ಎಂದಳು. ಒಬ್ಬರಿಗೆ ಪಾಠ ಹೇಳಿಕೊಡಲು ಅವಳು ಒಲ್ಲೆನೆಂದದ್ದು ಅದೇ ಮೊದಲು.