ನಲ್ಲಮಂದು ತಿನ್ನುತ್ತಿದ್ದ ನಮ್ಮಕ್ಕ

ಸಿರುಗುಪ್ಪದ ನಮ್ಮ ಅತ್ತೆಮನೆಯಲ್ಲಿ ಹೆಂಗಸರ ಮೈಯ ಗುಟ್ಟು ಅಂತ ಒಂದು ಇರಲೇ ಇಲ್ಲ. ಮುಟ್ಟಾದವಳು ಮೂರು ದಿನ ಹಿತ್ತಲ ಚಪ್ಪರದಲ್ಲಿ ಕೂರಬೇಕು. ಈ ತಿಂಗಳು ಯಾವ ಸೊಸೆ ಹೊರಗೆ ಕೂತಳು, ಯಾವಳು ಕೂರಲಿಲ್ಲ, ಹಾಗಾದರೆ ಯಾವಳು ಬಸುರಿ ಅನ್ನುವುದು ಎಮ್ಮೆ ಕಾಯುವ ಆಳಿಗೂ ತಿಳಿಯುತ್ತಿತ್ತು. ನನಗೆ ಅದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ವರ್ಷಗಟ್ಟಲೆ ಹೊರಗೂ ಕೂರದೆ ಬಸುರಿಯೂ ಆಗದೆ ಇದ್ದವಳು ಒಬ್ಬಳೇ, ನನ್ನ ಭಾವನ ಹೆಂಡತಿ. ನಾನು ಅವಳನ್ನು ಅಕ್ಕ ಅನ್ನುತ್ತಿದ್ದೆ. ಮದುವೆಯಾಗಿ ಬಂದ ಹೊಸತರಲ್ಲಿ ನನ್ನ ರೊಟ್ಟಿ ಹರಿದುಹೋದರೆ ಅದನ್ನು ತನ್ನ ತಟ್ಟೆಗೆ ಹಾಕಿಕೊಂಡು, ತಾನು ಬಡಿದದ್ದನ್ನು ನನ್ನದೆಂದು ಅತ್ತೆಗೆ ಬಡಿಸುತ್ತಿದ್ದಳು. ಅಂಥವಳ ಮೇಲೆ ಯಾರಿಗೆ ಪ್ರೀತಿ ಹುಟ್ಟುವುದಿಲ್ಲ?

ಅಕ್ಕ ನಲ್ಲಮಂದು ತಿನ್ನುತ್ತಿದ್ದಳು. ಅಫೀಮಿಗೆ ತೆಲುಗಿನವರು ಇಟ್ಟ ಹೆಸರು ಅದು, ನಮ್ಮ ಬಾಯಲ್ಲೂ ಅದೇ ನಿಂತಿತ್ತು. ಅವಳ ಮೊದಲ ಕೂಸು ಗಂಡು, ಚೆನ್ನಾಗಿಯೇ ಹುಟ್ಟಿದ್ದ. ಎರಡನೆಯ ಹೆರಿಗೆಯಲ್ಲಿ ಕೂಸು ಉಳಿಯಲಿಲ್ಲ, ಅಕ್ಕನ ಗರ್ಭಕೋಶ ಹರಿದು ಬಳ್ಳಾರಿ ಆಸ್ಪತ್ರೆಯಲ್ಲಿ ಹೊಲಿದರು. ಮನೆಗೆ ಬಂದ ಮೇಲೆ ಸೊಂಟನೋವು ತಾಳಲಾರದೆ ಗೋಳಾಡುತ್ತಿದ್ದವಳ ಬಾಯಿಗೆ ಅತ್ತೆಯೇ ಜೋಳದ ಕಾಳಿನಷ್ಟು ನಲ್ಲಮಂದನ್ನು ಬೆಲ್ಲದಲ್ಲಿಟ್ಟು ಹಾಕಿದರು. ನೋವು ಹೋಯಿತು, ಮದ್ದು ಉಳಿಯಿತು. ಕೆಲವು ತಿಂಗಳಿಗೆ ಮುಟ್ಟೂ ನಿಂತಿತು. ಒಂದು ದಿನವೂ ಒಲೆ ಬಿಡದ ಸೊಸೆ ಸಿಕ್ಕಳೆಂದು ಅತ್ತೆ ಓಣಿಯವರ ಮುಂದೆ ಹೊಗಳಿದ್ದೇ ಹೊಗಳಿದ್ದು.

ಇನ್ನೊಮ್ಮೆ ಬಸುರಾದರೆ ಈಕೆ ಬದುಕುವುದು ಕಷ್ಟ ಅಂತ ಡಾಕ್ಟರಮ್ಮ ಭಾವನಿಗೆ ಹೇಳಿ ಕಳಿಸಿದ್ದರು. ಆಗದಂತೆ ಇರುವುದು ಹೇಗೆ ಅಂತ ಕೇಳಲು ಭಾವನಿಗೆ ನಾಚಿಕೆ. ಹಾಸಿಗೆ ಸುತ್ತಿಕೊಂಡು ಹೊರಗಿನ ಕಟ್ಟೆಗೆ ಹೋದರು. ನಮ್ಮ ಜಿಲ್ಲೆ ಮೈಸೂರಿಗೋ ಆಂಧ್ರಕ್ಕೋ ಎಂದು ಗಂಡಸರು ಕಟ್ಟೆಯ ಮೇಲೆ ಕೂತು ಕಿತ್ತಾಡುತ್ತಿದ್ದ ಕಾಲ. ಬಳ್ಳಾರಿ ಎಲ್ಲಿಗೆ ಸೇರಬೇಕೆಂದು ತೀರ್ಮಾನವಾಗುವ ಮೊದಲೇ ಭಾವ ಒಳಗೆ ಸೇರಿಕೊಂಡಿದ್ದರು.

ಅಕ್ಕ ಹೆದರಲಿಲ್ಲ. ನಲ್ಲಮಂದು ತನ್ನ ಗರ್ಭವನ್ನು ಕಟ್ಟಿಹಾಕಿದೆ, ಮುಟ್ಟೇ ಇಲ್ಲದ ಮೇಲೆ ಮಕ್ಕಳೆಲ್ಲಿಯವು ಅಂತ ಅವಳ ಲೆಕ್ಕ. ನಮಗೂ ಸರಿ ಅನಿಸಿತ್ತು. ಓಣಿಯ ನಾಲ್ಕಾರು ಹೆಂಗಸರು ಬಸಿರು ನಿಲ್ಲದಿರಲಿ ಎಂದೇ ಅವಳ ಬಳಿ ಚೂರು ಕೇಳಿಕೊಂಡು ಬರುತ್ತಿದ್ದರು. ಎರಡನೆಯ ಮಗು ಹೆತ್ತು ಸಾಕಾಗಿದ್ದ ನಾನೂ ಕೇಳಿದೆ. ಎಲ್ಲರಿಗೂ ಕೊಟ್ಟವಳು ನನಗೆ ಮಾತ್ರ ಕೊಡಲಿಲ್ಲ.

"ನೀ ಮುಟ್ಟಬ್ಯಾಡ. ಇದು ಹಿಡಕೊಂಡ್ರ ಬಿಡಂಗಿಲ್ಲ, ನಾ ನೋಡೀನಿ," ಅಂದಳು. ಅವತ್ತಿನಿಂದ ನನ್ನ ದೊಡ್ಡ ಮಗುವನ್ನು ತನ್ನ ಪಕ್ಕದಲ್ಲೇ ಮಲಗಿಸಿಕೊಂಡಳು.

ಮುಂದಿನ ವರ್ಷ ಅಕ್ಕನ ಹೊಟ್ಟೆ ಉಬ್ಬಿತು. ನಲ್ಲಮಂದು ತಿನ್ನುವವರಿಗೆ ಮಲ ಕಟ್ಟುವುದು, ಹೊಟ್ಟೆ ಗಟ್ಟಿಯಾಗುವುದು ಹೊಸದಲ್ಲ. ವಾಯು ಅಂತ ಓಂಕಾಳು ಜಗಿದಳು, ಔಡಲೆಣ್ಣೆ ಕುಡಿದಳು. ಒಂದು ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದವಳು ಥಟ್ಟನೆ ನಿಂತು, ಹಿಟ್ಟು ಮೆತ್ತಿದ ಕೈಯಲ್ಲೇ ನನ್ನ ಕೈ ಹಿಡಿದು ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಒಳಗೆ ಕೂಸು ಒದೆಯಿತು. ಎರಡು ಹೆತ್ತವಳಿಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ. ಅಕ್ಕನ ಮುಖ ನೋಡಲಾಗಲಿಲ್ಲ.

"ಇದು ನನ್ನ ಒಯ್ಯಾಕ ಬಂದೈತಿ," ಅಂದಳು.

ಅತ್ತೆಗೆ ಬಿಸಿತುಪ್ಪ ಬಾಯಿಗೆ ಬಿದ್ದಂತಾಯಿತು. 'ಒಂದು ಕಣ್ಣು ಕಣ್ಣಲ್ಲ, ಒಬ್ಬ ಮಗ ಮಗನಲ್ಲ' ಅಂತ ಸದಾ ಹೇಳುತ್ತಿದ್ದವರು, ಇನ್ನೊಬ್ಬ ಮೊಮ್ಮಗ ಬೇಕೆಂದು ಹರಕೆ ಹೊತ್ತವರು. ಆದರೆ ಡಾಕ್ಟರಮ್ಮನ ಮಾತೂ ಅವರಿಗೆ ನೆನಪಿತ್ತು. ಕೂಸಿಗೆ ವಿಷವಾದೀತೆಂದು ನಲ್ಲಮಂದಿನ ಡಬ್ಬಿಯನ್ನೇ ಬಚ್ಚಿಟ್ಟರು. ಮಾರನೆಯ ದಿನಕ್ಕೆ ಅಕ್ಕ ಬೆವರಿ ನಡುಗುತ್ತಿದ್ದಳು. ವಾಂತಿ, ಭೇದಿ, ಹೊಟ್ಟೆ ಬಿಗಿಬಿಗಿ ಹಿಡಿಯುತ್ತಿತ್ತು. ನಾನು ಅತ್ತೆಯೊಂದಿಗೆ ಮೊದಲ ಸಲ ಎದುರು ಜಗಳವಾಡಿದ್ದು ಅಂದೇ. ಡಬ್ಬಿ ಕಿತ್ತುಕೊಂಡು ಒಂದು ಚೂರು ಅವಳ ನಾಲಿಗೆಯ ಮೇಲಿಟ್ಟು, ಭಾವನನ್ನು ಹೊರಡಿಸಿ, ಅಕ್ಕನನ್ನು ಬಳ್ಳಾರಿಯ ಬಸ್ಸಿಗೆ ಹತ್ತಿಸಿದೆ.

ಡಾಕ್ಟರಮ್ಮ ಮದರಾಸಿನ ಕಡೆಯವರು. ಮುರುಕು ಕನ್ನಡದಲ್ಲಿ ಬೈದದ್ದು ಅಕ್ಕನನ್ನಲ್ಲ, ಮದ್ದನ್ನು ಥಟ್ಟನೆ ನಿಲ್ಲಿಸಿದ ನಮ್ಮನ್ನು. ಕೂಸಿಗೂ ಅದು ಅಭ್ಯಾಸವಾಗಿರುತ್ತದೆ, ಒಮ್ಮೆಗೇ ಬಿಡಿಸಿದರೆ ಗರ್ಭವೇ ಇಳಿದುಹೋಗಬಹುದು, ಸ್ವಲ್ಪ ಸ್ವಲ್ಪವಾಗಿ ಇಳಿಸಿ ಅಂದರು. ಈ ಮದ್ದಿಗೆ ಮುಟ್ಟು ನಿಲ್ಲಬಹುದು, ಆದರೆ ಗರ್ಭ ಕಟ್ಟುವುದು ನಿಲ್ಲುತ್ತದೆಂದು ನಿಮಗೆ ಯಾರು ಹೇಳಿದರು ಅಂತ ಕೇಳಿದರು. ಯಾರೂ ಹೇಳಿರಲಿಲ್ಲ, ನಾವೇ ಹೇಳಿಕೊಂಡಿದ್ದೆವು. ನೋವು ಶುರುವಾಗುವ ಮೊದಲೇ ಹೊಟ್ಟೆ ಕೊಯ್ದು ಕೂಸು ತೆಗೆಯಬೇಕು, ಅಲ್ಲಿಯವರೆಗೆ ಹತ್ತಿರದಲ್ಲೇ ಇರಿಸಿ ಅಂದರು.

ಬಳ್ಳಾರಿಗೆ ಹತ್ತಿರವಾದ ಕುರುಗೋಡಿನಲ್ಲಿ ನನ್ನ ತವರಿತ್ತು. ಅಕ್ಕ ಅಲ್ಲೇ ಉಳಿದಳು. ನನ್ನವ್ವ ದಿನವೂ ಮದ್ದನ್ನು ಉಗುರಿನಲ್ಲಿ ಚಿವುಟಿ ಕೊಡುವಳು, ಚೂರು ಚೂರೇ ಕಡಿಮೆ ಮಾಡುವಳು. ಕಡಿಮೆಯಾದ ದಿನ ಅಕ್ಕ ಅವ್ವನನ್ನು ಕಂಜೂಸಿ ಮುದುಕಿ ಎಂದು ಬೈಯುವಳು, ಅವ್ವ ನಗುವಳು. ನಾನು ಆಗಾಗ ಹೋಗಿ ಅವಳ ತಲೆ ಬಾಚಿ ಬರುತ್ತಿದ್ದೆ.

ಆಪರೇಷನ್ ದಿನ ಅತ್ತೆ ಕರೆಯದೆಯೇ ಸಿರುಗುಪ್ಪದಿಂದ ಬಂದು ವರಾಂಡದ ನೆಲದ ಮೇಲೆ ಕೂತಿದ್ದರು. ಡಾಕ್ಟರಮ್ಮ ಹೊರಗೆ ಬಂದು, ಕೂಸು ತೆಗೆದ ಮೇಲೆ ಮತ್ತೆ ಬಸುರಾಗದಂತೆ ಒಳಗಿನ ನಾಳ ಕಟ್ಟಿಬಿಡಲೇ ಎಂದು ಭಾವನನ್ನು ಕೇಳಿದರು. ಅಕ್ಕ ತನ್ನ ಮಟ್ಟಿಗೆ ಆಗಲೇ ಹೂಂ ಅಂದಿದ್ದಳು, ಗಂಡನ ಒಪ್ಪಿಗೆ ಇಲ್ಲದೆ ಆಗದು. ಭಾವ ಎಂದಿನಂತೆ ಕೋಲೆ ಬಸವನ ಹಾಗೆ ತಾಯಿಯ ಕಡೆ ತಿರುಗಿದರು. ಒಳಗಿರುವುದು ಗಂಡೋ ಹೆಣ್ಣೋ ಇನ್ನೂ ಯಾರಿಗೂ ಗೊತ್ತಿಲ್ಲ.

ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡರು.

"ನನ್ನ ಏನ್ ನೋಡ್ತೀಯಲೇ, ಹೂಂ ಅನ್ನು," ಅಂದರು. ಆಮೇಲೆ ಡಾಕ್ಟರಮ್ಮನಿಗೆ, "ಕಟ್ಟಿಬಿಡ್ರಿ ಅವ್ವಾ. ಮೊಮ್ಮಕ್ಕಳು ಸಾಕು. ನನಗ ಈ ಸೊಸಿ ಬೇಕು."

ಹುಟ್ಟಿದ್ದು ಹೆಣ್ಣು, ಒಂದು ಹಿಡಿಯಷ್ಟು. ಎರಡು ದಿನ ನಡುಗಿ ನಡುಗಿ ಅತ್ತಿತು. ಡಾಕ್ಟರಮ್ಮ ಹನಿ ಔಷಧ ಹಾಕಿ ಹಾಕಿ ಅದನ್ನು ಉಳಿಸಿದರು. ಅಕ್ಕನಿಗೆ ಮಾತಾಡುವಷ್ಟು ತ್ರಾಣ ಬಂದಾಗ ವರಾಂಡದಲ್ಲಿ ಅತ್ತೆ ಆಡಿದ್ದನ್ನು ಹೇಳಿದೆ. ಅವಳು ನಂಬಲಿಲ್ಲ. ನನ್ನ ಕೈ ಹಿಡಿದುಕೊಂಡು, "ಅತ್ತಿ ಹಂಗಂದ್ರಾ? ಇನ್ನೊಮ್ಮಿ ಹೇಳು," ಅಂದಳು.

ಇನ್ನೊಮ್ಮೆ ಹೇಳಿದೆ.